ಹಗೇವು

ಬೆಳಗಿನ ಐದೂವರಿಗೆ ಮಾಳಿಗಿ ಹತ್ತತೀನಿ,
ಕೈಯಾಗ ಬಕೇಟು, ಹೆಗಲ ಮ್ಯಾಲ ಹಳೇ ಲುಂಗಿ ತುಂಡು.
ಸೋಲಾರಿನ ಪ್ಲೇಟು ನಾಕು. ನಾಕರ ಮ್ಯಾಲೂ ಬೂದಿ,
ಬೆರಳಿಟ್ಟರ ಬೆರಳು ಮೂಡೋವಷ್ಟು.

ಶಕ್ತಿನಗರದ ಚಿಮಣಿ ಅಲ್ಲೇ ಕಾಣತದ.
ಅದರ ಬುಡಕ ನಮ್ಮನಿಯವರ ರಾತ್ರಿಪಾಳಿ,
ಹದಿನೆಂಟು ವರ್ಷ ಆತು ವ್ಯಾಗನ್ನಿನ ಕಲ್ಲಿದ್ದಲು ಇಳಿಸಿಕೋತ.
ಅವರು ಇಳಿಸಿದ್ದು ಎಲ್ಲೆಲ್ಲೋ ಬೆಳಕಾಗತದ,
ಉಳದದ್ದು ನಮ್ಮ ಮಾಳಿಗಿಗೆ ಬರತದ.
ಒರಸತೀನಿ.
ಒರಸಿದರನ ಬಿಸಲು ಒಳಗ ಬರತದ.

ಬ್ಯಾಟರಿ ಎಲ್ಲಿಡಲಿ ಅಂತ ಕೇಳಿದ್ದ ಮಾನ್ವಿಯ ಹುಡುಗ,
ವೈರಿನ ಸುರುಳಿ ಕೊರಳಾಗ ಹಾಕ್ಕೊಂಡು.
ಪಡಸಾಲಿ ಮೂಲ್ಯಾಗ ಹಗೇವಿನ ಬಾಯಿ,
ಪರಸಿ ಮುಚ್ಚಿ ಮೂವತ್ತು ವರ್ಷ.
ಅದರ ಮ್ಯಾಲ ಇಡಪಾ, ಅಂದೆ.
ಗಾಳಿ ಆಡಬೇಕು ಯವ್ವಾ, ಅಂದ.
ಅದು ನನಗ ಹೇಳಬ್ಯಾಡ, ಅಂದೆ.

ನಮ್ಮತ್ತಿ ಹೇಳತಿದ್ದಳು:
ಹಗೇವಿಗೆ ಇಳಿಯೋಕ ಮುಂಚೆ ಕಂದೀಲ ಇಳಿಸು.
ಕಂದೀಲ ಆರಿತೋ, ಇಳಿಬ್ಯಾಡ,
ಒಳಗ ಜ್ವಾಳ ಉಸಿರು ಕುಡದು ಕುಂತದ.
ಉರೀತೋ, ಇಳಿ. ಎಷ್ಟು ಬೇಕೋ ಅಷ್ಟು ತಗಿ.
ಮತ್ತ ಮುಚ್ಚು.

ಈಗ ಅದರ ಮ್ಯಾಲ ಹಸರು ದೀಪ ನಾಕು.
ನಾಕೂ ಉರದರ ತುಂಬ್ಯಾದ.
ಒಂದು ಉರದರ ಕೈ ಬಿಗಿ.

ಮೇ ತಿಂಗಳ ಒಂದು ರಾತ್ರಿ ಎಲ್ಲಾ ಹೋತು.
ಕಾಲನಿ ಹೋತು, ಸಂದಿ ಹೋತು,
ಚಿಮಣಿ ತಲಿ ಮ್ಯಾಲಿನ ಕೆಂಪು ಚುಕ್ಕಿನೂ ಹೋತು.
ಟ್ರಿಪ್ ಆಗ್ಯಾದ, ಅಂತ ಫೋನು ಮಾಡಿದರು ಮನಿಯವರು.
ಕರೆಂಟು ಮಾಡೋ ಊರಾಗ ಕರೆಂಟಿಲ್ಲ.
ನಕ್ಕೆನೋ ಏನೋ, ನೆನಪಿಲ್ಲ.
ಹತ್ತೂವರಿಗೆ ಬಾಗಲ ಬಡದಳು ಖಾಜಾಬಿ,
ಕಂಕುಳಾಗ ಮೊಮ್ಮಗ ದಸ್ತಗೀರ,
ಅದರ ಎದಿ ತೂತುಬಿದ್ದ ತಿದಿಯಂಗ ಕುಂಯ್ ಕುಂಯ್.
ಕೈಯಾಗ ಉಗಿ ಮಿಷನ್ನು, ಪ್ಲಗ್ಗು ಜೋತಾಡಕೋತ.

ದೀಪ ಎರಡಿದ್ದವು.
ಮೊದಲು ನನ್ನ ಫ್ಯಾನು ಆರಿಸಿದೆ.
ಆಮ್ಯಾಲ ಟಿವಿಯ ಚುಕ್ಕಿ, ಅದೂ ತಿನ್ನತದಂತ.
ಆಮ್ಯಾಲ ಲೈಟು.
ಕತ್ತಲಾಗ ಕುಂತಿವಿ. ಬೆವರು ಇಳೀತಿತ್ತು.
ಮಧ್ಯಾಹ್ನ ಟಾಕಿ ನೀರು ಕೈ ಸುಟ್ಟಿತಂತ
ನಾನು ಬೈದಿದ್ದೆನಲ್ಲ, ಅದೇ ಬಿಸಲು
ಗುರ್ ಅಂತ ಉಗಿಯಾಗಿ
ಒಂದು ಕೂಸಿನ ಎದಿಗೆ ಇಳೀತಿತ್ತು.

ಒಂದು ದೀಪ ಉಳೀತು. ಕೂಸು ಮಲಗಿತು.
ಎಷ್ಟಾತು ಅಕ್ಕಾ, ಅಂದಳು ಖಾಜಾಬಿ,
ಸೇರು ಜ್ವಾಳ ಇಸಗೊಂಡವರ ದನಿಯಾಗ.
ಏನಂತ ಹೇಳಲಿ?
ಅತ್ತಿಯ ಸೇರು ಇನ್ನೂ ಅಟ್ಟದ ಮ್ಯಾಲದ,
ಬಿಸಲು ಹೊಯ್ದರ ಅದರಾಗ ನಿಲ್ಲತದೇನು?
ನಡಿ, ಮಲಗು, ಅಂದೆ.

ಮರುದಿನ ಐದೂವರಿಗೆ ಮಾಳಿಗಿ ಹತ್ತಿದರ
ಮೂರು ಪ್ಲೇಟು ಆಗಲೇ ಮಿಣಮಿಣ.
ಅವರ ಮಾಳಿಗಿ ನಮ್ಮದಕ್ಕ ಹತ್ತಿಕೊಂಡೇ ಅದ.
ನಾಕನೇದರ ಮುಂದ ಕುಕ್ಕರಗಾಲಾಗ ಖಾಜಾಬಿ,
ಬೂದಿ ನೀರು ಮೊಣಕೈ ತನಕ.
ಈ ಅಂಚಿನಾಗಿಂದು ಹೋಗವಲ್ದು ನೋಡು, ಅಂದಳು.

ಬಕೇಟು ಇಳಿಸಿದೆ. ಕೆಳಗ ಸಂದ್ಯಾಗ
ಪಾಳಿ ಮುಗಿಸಿದ ಸೈಕಲ್ಲಿನ ಸಪ್ಪಳ.
ಉಗುರು ಹಚ್ಚಬ್ಯಾಡ, ಅಂದೆ,
ಗೀರು ಬೀಳತದ.