ಕೊನೆಯ ಸೀಟಿನ ಹಿಂದಿನ ಗುಂಡಿ

ಬಸ್ಸು ಖಾಲಿಯಾದ ಮೇಲೆ
ಕೊನೆಯ ಸೀಟಿನವರೆಗೂ ನಡೆದು ಹೋಗಿ
ಹಿಂದಿರುವ ಕೆಂಪು ಗುಂಡಿ ಒತ್ತಬೇಕು ನಾನು.
ಒತ್ತದಿದ್ದರೆ ಬಸ್ಸು ಬೊಬ್ಬೆ ಹೊಡೆಯುತ್ತದೆ.
ಯಾವ ಮಗುವೂ ಒಳಗೆ ಉಳಿದಿಲ್ಲ ಎಂಬುದಕ್ಕೆ
ಅದೇ ನನ್ನ ಹೆಬ್ಬೆಟ್ಟು.
ಶಾರ್ಜಾದ ಬಿಸಿಲಿಗೆ ಹೆಚ್ಚು ಹೊತ್ತು ಬೇಡ.

ಅಲ್ ನಹ್ದಾದಿಂದ ಇಪ್ಪತ್ತಮೂರು ಮಕ್ಕಳು.
ಬೆಳಗಿನ ಆರೂಕಾಲು, ಇನ್ನೂ ಅರೆಗತ್ತಲು,
ಪ್ರತಿ ಗಲ್ಲದ ಕೆಳಗೊಂದು ನೀಲಿ ಬೆಳಕು
ಬಸ್ಸು ಕುಲುಕಿದಾಗ ಲೋಟದ ನೀರಿನಂತೆ ತುಳುಕುತ್ತದೆ.
ಮೊದಲೆಲ್ಲ ಗಲಾಟೆ ಬೇಡವೆಂದು ಗದರಿಸುತ್ತಿದ್ದೆ,
ಈಗ ಗದರಿಸಲು ಸದ್ದೇ ಇಲ್ಲ.

ಮಿಸ್ಬಾ, ಹತ್ತನೆಯ ಕ್ಲಾಸು.
ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು,
ನನ್ನ ಹತ್ತಿರ ಮಾತ್ರ ಕನ್ನಡ, ಅದೂ
ರಜೆಗೆ ಊರಿಗೆ ಹೋದಾಗ ಅಂಗಡಿಯಲ್ಲಿ ಹೆಕ್ಕಿಕೊಂಡದ್ದು.
"ನ್ಯಾನಿ, ನಿದ್ದೆ ಜೋರುಂಟು" ಅನ್ನುವಳು.
ಕಿಟಕಿಗೆ ತಲೆ ತಾಗಿಸಿದರೆ
ಬಾಯಿ ಅರ್ಧ ತೆರೆದು
ಎರಡನೇ ಸಿಗ್ನಲ್ಲಿಗೇ ಗೊರಕೆ.

ಆ ಮಂಗಳವಾರ ನಗು
ಸೀಟಿನಿಂದ ಸೀಟಿಗೆ ಹೋಯಿತು, ದನಿಯಿಲ್ಲದೆ,
ಹೆಗಲುಗಳು ಮಾತ್ರ ಕುಲುಕಿದವು.
ಪರೀಕ್ಷೆ ಮುಗಿದ ಖುಷಿ ಅಂದುಕೊಂಡೆ.
ಶಾಲೆಯ ಗೇಟು ಬರುವಷ್ಟರಲ್ಲಿ
ಅವಳ ತೆರೆದ ಬಾಯಿ, ತುಟಿಯಂಚಿನ ಜೊಲ್ಲು,
ತಲೆಯಿಂದ ಸರಿದ ಸ್ಕಾರ್ಫು
ಇನ್ನೂರ ನಲವತ್ತು ಜನ ನೋಡಿಯಾಗಿತ್ತು,
ಅವಳೊಬ್ಬಳನ್ನು ಬಿಟ್ಟು.
ಎಬ್ಬಿಸಿದ್ದು ನಾನೇ. ಭುಜ ತಟ್ಟಿ,
"ಏಳು ಮಗಾ, ಬಂತು."
ಕಣ್ಣುಜ್ಜಿ, ನನ್ನ ನೋಡಿ ನಕ್ಕಳು.
ಆ ನಗುವಿನ ಫೋಟೋ ಯಾರೂ ತೆಗೆದಿಲ್ಲ.

ಆಮೇಲೆ ಅವಳು ಮಲಗಲಿಲ್ಲ.
ಮಾಸ್ಕು ಹಾಕಿ, ಬೆನ್ನು ನೆಟ್ಟಗೆ,
ಮೂರು ವಾರ, ಯಾರದೋ ಸಾಮಾನು ಕಾಯುವವಳಂತೆ.
ಡ್ರೈವರ್ ಗುಲ್ ಜಮಾನ್ ಕನ್ನಡಿಯಲ್ಲಿ ನೋಡಿ
"ಬಚ್ಚಿ ಬೀಮಾರ್?" ಅಂದ.
ಜ್ವರಕ್ಕೆ ಕಾಲಮ್ಮುಂಟು ನನ್ನ ರಿಜಿಸ್ಟರಿನಲ್ಲಿ,
ವಾಂತಿಗೆ ಉಂಟು. ಇದಕ್ಕೆ?

ಅವಳ ಅಮ್ಮನಿಗೆ ಫೋನು ಮಾಡಿದೆ.
"ರಾತ್ರಿ ಮೂರಕ್ಕೂ ಬೆಳಕಿರ್ತದೆ ಕೋಣೇಲಿ.
ಓದ್ತಾಳೆ ಅಂತ ಇದ್ದೆ."
ಓದುತ್ತಿದ್ದದ್ದು ನಿಜ. ಆ ಫೋಟೋದ ಕೆಳಗೆ
ಬಂದದ್ದನ್ನೆಲ್ಲ, ಒಂದೂ ಬಿಡದೆ.

ನಿನ್ನೆ ದೂಳುಗಾಳಿ. ಸಿಗ್ನಲ್ಲುಗಳೇ ಕಾಣದ ಬೆಳಗು.
ಪಕ್ಕದ ಸೀಟಿನ ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡಳು.
"ನ್ಯಾನಿ, ಇಲ್ಲಿ ಕೂರ್ತೀರಾ? ಈಚೆ ಬದಿಗೆ."
ಕೂತೆ.
ಏಸಿ ಚಳಿಗೆ ಹೊದ್ದ ನನ್ನ ಶಾಲಿನ ತುದಿಯನ್ನು
ತಾನೇ ಎಳೆದು ಮುಖ ಮುಚ್ಚಿಕೊಂಡಳು.
ಐದನೇ ಸಿಗ್ನಲ್ಲೋ ಆರನೆಯದೋ,
ಬಟ್ಟೆ ಅವಳ ಬಾಯಿಯ ಹತ್ತಿರ
ಸಣ್ಣಗೆ ಒಳಗೆ, ಹೊರಗೆ ಆಡತೊಡಗಿತು.
ನೀಲಿ ಬೆಳಕುಗಳು ಈ ಕಡೆ ತಿರುಗಿದರೆ ತಿರುಗಲಿ,
ನನ್ನ ಬೆನ್ನು ಅಗಲವೇ ಉಂಟು.

ಬಸ್ಸು ಖಾಲಿಯಾಯಿತು.
ಕೊನೆಯ ಸೀಟಿನವರೆಗೂ ನಡೆದೆ,
ಒಂದೊಂದು ಸೀಟಿನ ಅಡಿಗೂ ಬಗ್ಗಿ ನೋಡಿದೆ.
ಗುಂಡಿಯ ಮೇಲೆ ಬೆರಳಿಟ್ಟು
ಒತ್ತದೆ ನಿಂತಿದ್ದೆ,
ಗುಲ್ ಜಮಾನ್ ಹಾರ್ನ್ ಹೊಡೆಯುವವರೆಗೆ.