ಮೂವತ್ತು ದಿನದ ಮಾತು

ಆ ಭೂಪಟ ಮಡಚಿ ಒಳಗಿಡು, ಮಗಳೇ.
ನಮ್ಮ ಕೌಂಟಿಯಿಡೀ ಬಣ್ಣ ಬಳಿದಿದ್ದಾರೆ,
ಮಗು ಗೆರೆ ದಾಟಿ ಕ್ರೇಯಾನ್ ಎಳೆದ ಹಾಗೆ.
ಬಳಿದವನು ಮೊಂಟಾನಾಕ್ಕೆ ಬಂದಿದ್ದನೋ ಇಲ್ಲವೋ,
ಬಂದಿದ್ದರೂ ವಿಮಾನದ ಕಿಟಕಿಯಿಂದ ಕಂಡಿರಬೇಕು.

ಇಲ್ಲಿ ಕುದುರೆಗೆ ಲಾಳ, ಕೋಳಿಗೆ ಕಾಳು,
ಬೇಲಿಗೆ ಮುಳ್ಳುತಂತಿ; ಅದರ ಪಕ್ಕದ ಮೊಳೆಗೆ
ತೂಗುಹಾಕಿದ ಸಿಮ್ಮುಗಳು, ಮೂರು ಬಗೆ.
ಮೂರನ್ನೂ ಮಾರುವವಳು ನಾನೇ, ಆರ್ಲಿಸ್ ಹೋವ್ಲಾಂಡ್.
ಮೂರರ ದೂರು ಕೇಳುವವಳೂ ನಾನೇ.

ಉಣ್ಣೆ ಕತ್ತರಿಸುವವಳು ಅಂದೆ.
ಏಪ್ರಿಲಿನಲ್ಲಿ ಇಲ್ಲಿ, ಮೇನಲ್ಲಿ ವಯೋಮಿಂಗು,
ಜೂನಿನಲ್ಲಿ ಯಾರಿಗೆ ಗೊತ್ತು.
ಹಾಗಾದರೆ ಎರಡು ವರ್ಷದ ಕರಾರು ನಿನಗೇಕೆ?
ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ ಅಂತಾರೆ,
ಇವರು ದಾಟಿದ ಮೇಲೂ ಇಪ್ಪತ್ತು ತಿಂಗಳು
ದೋಣಿ ಬಾಡಿಗೆ ಕೇಳುತ್ತಾರೆ.

ಈ ಹಳದಿ ಅಗ್ಗ. ಅಗ್ಗಕ್ಕೆ ಕಾರಣವಿದೆ:
ಸ್ವಂತ ಟವರಿಲ್ಲ, ಕೆಂಪಿನವರ ಮನೆಯಲ್ಲಿ ಬಾಡಿಗೆ.
ರೋಡಿಯೋ ದಿನ ಜನ ಸೇರಿದರೆ
ಮನೆಯವರು ಮೊದಲು ಉಣ್ಣುತ್ತಾರೆ,
ನೀನು ಹೊರಗೆ ತಟ್ಟೆ ಹಿಡಿದು ನಿಂತಿರಬೇಕು.

ಕೆಂಪಿಗೆ ಹೆದ್ದಾರಿಯುದ್ದಕ್ಕೂ ಗಂಟಲಿದೆ.
ಡಾಂಬರು ಬಿಟ್ಟು ಜಲ್ಲಿಗೆ ಇಳಿದೆಯೋ, ಮೂಕ.

ನೀಲಿಯ ಟವರು ಗೋಧಿ ಕಣಜದ ನೆತ್ತಿಯ ಮೇಲಿದೆ.
ಆರು ಡಾಲರು ಹೆಚ್ಚು, ಡೇಟಾ ಕಡಿಮೆ,
ದಾರಿಯಿಡೀ ಹಾಡು ಕೇಳುವ ಆಸೆಯಿದ್ದರೆ ಬೇಡ.
ಆದರೆ ಮಂಜುಗಡ್ಡೆ ಕಟ್ಟಿ ಅದು ಸತ್ತ ರಾತ್ರಿ
ಸುತ್ತಿಗೆ ಹಿಡಿದು ಹತ್ತುವವನು ವೆಂಡಲ್.
ಗುರುವಾರ ಗುರುವಾರ ಇಲ್ಲಿ ಕಾಫಿಗೆ ಬರುತ್ತಾನೆ,
ಎಡಗೈಗೆ ಮೂರೇ ಬೆರಳು.
ಕೆಂಪಿನವರ ಟವರು ಹತ್ತುವವನ ಮುಖ
ನಾನಿನ್ನೂ ಕಂಡಿಲ್ಲ.

ಫೋನಿನ ಬೀಗ ತೆಗೆಸಿದೆಯಾ? ಕೊಡು, ನೋಡೋಣ.
ಸರಿ.
ದಾರಿಯ ನಕ್ಷೆ ಊರು ಬಿಡುವ ಮೊದಲೇ ಇಳಿಸಿಕೊ,
ಲೈಬ್ರರಿಯ ವೈಫೈ ಬಾಗಿಲು ಹಾಕಿದ ಮೇಲೂ
ಮೆಟ್ಟಿಲ ತನಕ ಬರುತ್ತದೆ.

ಇನ್ನು ಈ ನೋಟುಬುಕ್ಕು. ಇದು ಮಾರುವುದಕ್ಕಲ್ಲ.
ಶಾಲೆ ಬಸ್ಸಿನವನು, ಅಂಚೆಯ ಲೊರೇನ್
ಹೇಳಿದ್ದನ್ನೆಲ್ಲ ಬರೆದಿದ್ದೇನೆ.
ಮೂರನೇ ದನದ ತಡೆಯ ಬಳಿ ಒಂದು ಕಡ್ಡಿ.
ಷುಲ್ಟ್ಸ್ ಅವರ ಹುಲ್ಲುಬಣವೆ ಹತ್ತಿದರೆ ಎರಡು,
ಚಳಿ ಮುಗಿಯುವಷ್ಟರಲ್ಲಿ ದನ ಬಣವೆ ತಿಂದು
ಅದೂ ಒಂದೇ.
ಲೂಥರನ್ ಸ್ಮಶಾನದಲ್ಲಿ ನಾಲ್ಕಕ್ಕೆ ನಾಲ್ಕೂ,
ಅಲ್ಲಿರುವವರಿಗೆ ಮಾತ್ರ ಉಪಯೋಗವಿಲ್ಲ.

ಆಮೇಲೆ ವಿಲೋ ಹಳ್ಳದ ತಗ್ಗು, ಹದಿನೆಂಟು ಮೈಲಿ.
ನೀಲಿಯಿಲ್ಲ, ಕೆಂಪಿಲ್ಲ.
ಗಿರಿ ಮುಟ್ಟುವ ಮಾತಿರಲಿ,
ನರಿ ಕೂಗಿದರೆ ನರಿಗೇ ಕೇಳಬೇಕು.
ನೀನು ಕತ್ತರಿಸಬೇಕಾದ ಏಳುನೂರು ಕುರಿ
ಇರುವುದು ಅಲ್ಲೇ.

ಅದಕ್ಕೇ ಈ ಕೊನೆಯ ಪುಟ.
ತಗ್ಗಿಗೆ ಇಳಿಯುವವರ ಹೆಸರು, ಗಂಟೆ, ಪಿಕಪ್ಪಿನ ಬಣ್ಣ.
ಮೇಲೆ ಹತ್ತಿ ಬಂದು ಕರೆದರೆ
ಗೀಟು ಹೊಡೆಯುತ್ತೇನೆ.
ಕತ್ತಲಾದರೂ ಕರೆ ಬಾರದಿದ್ದರೆ ರೂಬೆನ್
ಸರಪಳಿ, ಕಂಬಳಿ ಹೇರಿಕೊಂಡು ಹೊರಡುತ್ತಾನೆ,
ಗೊಣಗುತ್ತಲೇ.

ನೋಡಿಲ್ಲಿ, ಗೀಟಿಲ್ಲದ ಹೆಸರು ಇದೊಂದೇ:
ಸರ್ವೆಗೆ ಬಂದವನು, ಹನ್ನೊಂದು ವರ್ಷದ ಹಿಂದೆ.
ಹದಿನಾಲ್ಕು ಜನ, ಬೆಳಗಿನ ತನಕ,
ಟಾರ್ಚು ಹಿಡಿದು ಹಳ್ಳ ಹಳ್ಳ ಹುಡುಕಿದೆವು.
ಅವನು ಬಿಲ್ಲಿಂಗ್ಸಿನ ಹೋಟೆಲಿನಲ್ಲಿ
ಹೊಟ್ಟೆತುಂಬ ಉಂಡು ಮಲಗಿದ್ದ, ದಿಂಬಿನ ಪಕ್ಕ ಫೋನು,
ನಾಲ್ಕೂ ಕಡ್ಡಿ.
ಸಿಟ್ಟಿಗೆ ಹಾಗೇ ಬಿಟ್ಟಿದ್ದೇನೆ.

ಮೂವತ್ತು ದಿನ, ಮೂವತ್ತೊಂದು ಡಾಲರು.
ಮುಗಿದ ಮೇಲೆ ಬೇಕಾದರೆ ಹಾಕಿಸು, ಬೇಡವಾದರೆ ಬಿಡು,
ಯಾರೂ ಬೆನ್ನು ಹತ್ತುವುದಿಲ್ಲ.
ಈ ಪುಟದ್ದು ಮಾತ್ರ ಬೇರೆ ಲೆಕ್ಕ.

ಪೆನ್ಸಿಲು ತಗೋ.
ನಿನ್ನ ಪಿಕಪ್ಪು ಯಾವ ಬಣ್ಣ?
ಧೂಳು ಅಂತ ಬರೆಯಬೇಡ,
ಎಲ್ಲರೂ ಅದನ್ನೇ ಬರೆಯುತ್ತಾರೆ.