ನಾಲ್ಕನೇ ಮಂಚ

ಇಪ್ಪತ್ತಮೂರು ಉತ್ತರಪತ್ರಿಕೆ. ಒಂದರಲ್ಲೂ ಒಂದು ಕಾಗುಣಿತ ತಪ್ಪಿಲ್ಲ.
ಹೊಟ್ಟೆಯೊಳಗೆ ಮಗು ತಿರುಗದೆ ಕೂತಿದ್ದರೆ ಏನು ಮಾಡಬೇಕೆಂಬುದು
ಇಪ್ಪತ್ತಮೂರರಲ್ಲೂ ಇಸ್ತ್ರಿ ಹಾಕಿದ ಅಂಗಿಯಂತೆ ಮಡಿಕೆಬಿದ್ದಿದೆ.
ಎಲ್ಲರ ಕೊನೆಯ ಪ್ಯಾರಾವೂ
'ಒಟ್ಟಾರೆಯಾಗಿ' ಎಂದು ಗಂಟಲು ಸರಿಮಾಡಿಕೊಂಡೇ ಏಳುತ್ತದೆ.

ಮಾಂಗೊಚಿಯ ಸೂಲಗಿತ್ತಿಯರ ಶಾಲೆಯಲ್ಲಿ ಹದಿನೇಳು ವರ್ಷದಿಂದ
ಕೆಂಪು ಪೆನ್ನು ಹಿಡಿದವಳು ನಾನು. ಪೆನ್ನಿಗೆ ಈ ವರ್ಷ ಕೆಲಸವಿಲ್ಲ.
ಹಿಂದೆ ಡಾಲಿತ್ಸೊ ಎಂಬ ಹುಡುಗಿ
ಸೊಂಟದ ಎಲುಬನ್ನು ನ್ಸಿಮಾ ತೊಳಸುವ ಗಡಿಗೆಯಂತೆ ಬರೆದಿದ್ದಳು.
ನಕ್ಕೆ. ಆಮೇಲೆ ಆ ಗಡಿಗೆಯನ್ನೇ ಕೈಗೆ ಕೊಟ್ಟು
ಮಗು ಇಳಿಯುವ ದಾರಿ ತೋರಿಸಿದೆ.
ತಪ್ಪೆಂದರೆ ಬಾಗಿಲ ಸಂದಿ, ಅಲ್ಲಿಂದಲೇ ನಾನು
ಈ ಹುಡುಗಿಯರೊಳಕ್ಕೆ ಇಣುಕುತ್ತಿದ್ದುದು.
ಈಗ ಸಂದಿಗೆಲ್ಲ ನುಣ್ಣನೆ ಗಾರೆ.

ಬ್ಲಾಂಟೈರಿನ ಕಚೇರಿಯವರು
ಯಂತ್ರವನ್ನು ಹಿಡಿಯುವ ಯಂತ್ರವೊಂದನ್ನು ಕಳಿಸಿದರು.
ಅದು ಹಿಡಿದದ್ದು ಥೊಕೊಜಾನಿಯನ್ನು.
ಕರೆಂಟು ಹೋದ ಮೂರು ರಾತ್ರಿ ಮೇಣದಬತ್ತಿಯಲ್ಲಿ ಕೂತು
ಕೈಯಾರೆ ಬರೆದು, ಆಮೇಲೆ ಟೈಪು ಮಾಡಿದ ಒಬ್ಬಳೇ ಒಬ್ಬಳು.
ಕರಡಿನ ಮೇಲೆ ಮೇಣ ಇನ್ನೂ ಇತ್ತು. ಅವಳು ಅಳಲಿಲ್ಲ.
ಅತ್ತಿದ್ದರೆ ಚೆನ್ನಾಗಿತ್ತು.

ಪತ್ರಿಕೆಗಳನ್ನು ದಾರ ಕಟ್ಟಿ ಬೀರುವಿನ ಮೇಲೆ ಎಸೆದೆ.
ಶುಕ್ರವಾರ ಆರು ಜನರನ್ನು ವಾರ್ಡಿಗೆ ಕರೆದೆ.

ನಾಲ್ಕನೇ ಮಂಚ. ಆಸಿಯಾತು, ಮೀನು ಒಣಗಿಸುವವಳು, ಮೂವತ್ತಾರು ವಾರ.
'ನನಗೇನು ಸಿಗುತ್ತೆ?'
'ನಿನ್ನ ಮಗುವಿನ ಮಾತನ್ನು ಆರು ಜನ ಕೇಳುತ್ತಾರೆ.'
'ನನ್ನ ಗಂಡ ಒಂದು ಸಲವೂ ಕೇಳಿಲ್ಲ. ಇವರಾದರೂ ಕೇಳಲಿ ಬಿಡಿ.'

ಮರದ ಕೊಳವೆ. ಒಂದು ತುದಿ ಹೊಟ್ಟೆಗೆ, ಒಂದು ತುದಿ ಕಿವಿಗೆ.
ಮೊದಲನೆಯವಳು ಎಣಿಸುವ ಮೊದಲೇ ನೂರ ನಲವತ್ತು ಎಂದಳು.
ಪುಸ್ತಕದಲ್ಲಿ ನೂರ ನಲವತ್ತೇ.
ಎರಡನೆಯವಳೂ ನೂರ ನಲವತ್ತು.
ಮೂರನೆಯವಳು ಸ್ವಲ್ಪ ನಾಚಿ, ನೂರ ನಲವತ್ತೆರಡು.

ಲಿಂಬಾನಿ ಏನೂ ಅನ್ನಲಿಲ್ಲ.
ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಕೊಳವೆ ಇಟ್ಟಳು, ತೆಗೆದಳು,
ಮತ್ತೆ ಇಟ್ಟಳು. 'ಇಲ್ಲಿ ಕೇಳಿಸ್ತಿಲ್ಲ, ಮಾಯಿ.'
ಗಡಿಯಾರ ನೋಡಿದೆ. ಅಂಕದ ಹಾಳೆಯ ಮೇಲೆ
ನನ್ನ ಪೆನ್ನು ಸೊನ್ನೆಯ ಅರ್ಧ ಸುತ್ತು ಬಂದಾಗಿತ್ತು.
ಅವಳ ಕೈ ಹೊಕ್ಕುಳ ದಾಟಿ ಮೇಲಕ್ಕೆ ಹೋಯಿತು
ಕತ್ತಲ ಕೋಣೆಯಲ್ಲಿ ಬೆಂಕಿಪೊಟ್ಟಣ ತಡಕುವವರ ಹಾಗೆ,
ಪಕ್ಕೆಲುಬಿನ ಕೆಳಗೆ ನಿಂತಿತು.
'ಏನೋ ಗಟ್ಟಿ. ದುಂಡಗೆ. ಒತ್ತಿದರೆ ತೇಲುತ್ತೆ.
ತಲೆ ಇಲ್ಲಿದೆ, ಮಾಯಿ. ಮಗು ಕೂತಿದೆ.'

ಸೋಮವಾರದ ಚೀಟಿಯಲ್ಲಿ 'ತಲೆ ಕೆಳಗೆ' ಎಂದಿತ್ತು.
ಚೀಟಿಯ ಕೈಬರಹ ನನ್ನದು.
ನಾನೂ ಕೈಯಿಟ್ಟು ನೋಡಿದೆ. ಕೂತಿತ್ತು,
ರಾಯರ ಹಾಗೆ, ನೆಟ್ಟಗೆ.
ಪ್ರಶ್ನೆ ಕೇಳಿದವಳಿಗೂ ಉತ್ತರ ಗೊತ್ತಿಲ್ಲದ ಪರೀಕ್ಷೆ,
ಹದಿನೇಳು ವರ್ಷದಲ್ಲಿ ಇದೊಂದೇ.

ಜೋಂಬಾಕ್ಕೆ ಹೋಗುವ ಗಾಡಿಗೆ ಚೀಟಿ ಬರೆಯುವಾಗ
ಲಿಂಬಾನಿ ಪಕ್ಕ ಬಂದು ನಿಂತು ತಾನಾಗಿಯೇ ಹೇಳಿದಳು:
'ಆ ಪ್ರಬಂಧ ನಾನು ಬರೆದದ್ದಲ್ಲ.
ನನ್ನ ಇಂಗ್ಲಿಷು ಕಂಡರೆ ನನಗೇ ನಾಚಿಕೆ.'
'ಮತ್ತೆ ಇದನ್ನು ಯಾರು ಕಲಿಸಿದರು?'
ಬಹಳ ಹೊತ್ತು ಯೋಚಿಸಿದಳು. 'ನಮ್ಮ ಮೇಕೆ,' ಎಂದಳು,
'ಮತ್ತೆ ನೀವು. ಮಾರ್ಚಿನಲ್ಲಿ, ನನ್ನ ಕೈ ಮೇಲೆ ನಿಮ್ಮ ಕೈ ಇಟ್ಟಾಗ.'
ನನಗೆ ಮಾರ್ಚು ನೆನಪಿಲ್ಲ.

ಗಾಡಿ ಹತ್ತುತ್ತ ಆಸಿಯಾತು ಕೂಗಿದಳು:
'ಕೈ ಬಿಸಿ ಇದ್ದವಳಿಗೆ ಜಾಸ್ತಿ ಹಾಕಿ!
ಆ ಉದ್ದ ಹುಡುಗಿಗೆ ಉಗುರು ತೆಗೆಯೋಕೆ ಹೇಳಿ!'
ಎರಡನ್ನೂ ಬರೆದುಕೊಂಡೆ.

ರಾತ್ರಿ, ಫಾರಮ್ಮು. 'ಕಲಿಕೆಗೆ ಆಧಾರ ಲಗತ್ತಿಸಿ' ಎಂಬ ಚೌಕ.
ಏನೆಂದು ಲಗತ್ತಿಸಲಿ? ಲಿಂಬಾನಿಯ ಕಿವಿಯ ಮೇಲೆ
ಕೊಳವೆ ಒತ್ತಿದ ದುಂಡನೆ ಗುರುತಿತ್ತು,
ಸಂಜೆಯೊಳಗೆ ಮಾಸಿತು.
ಸೋಮವಾರ ಥೊಕೊಜಾನಿಯ ಸರದಿ. ಅವಳೆದುರು ನಾನು
ಮೊದಲು ಏನು ಹೇಳಬೇಕೋ ಇನ್ನೂ ತಿಳಿದಿಲ್ಲ.

ಅಂಕದ ಹಾಳೆಯಲ್ಲಿ ಆ ಅರ್ಧ ಸೊನ್ನೆ ಹಾಗೇ ಇದೆ.
ಮುಚ್ಚಿಲ್ಲ, ಅಳಿಸಿಲ್ಲ.
ದೀಪ ಓರೆ ಮಾಡಿದರೆ
ಕಿವಿಯಂತೆ ಕಾಣುತ್ತದೆ.